ಹೊಸ ಕಂಪ್ಯೂಟರ್ ತಾನಾಗಿ ರಿಸ್ಟಾರ್ಟ್ ಆಗುವುದೇಕೆ?

(ವಿದ್ಯಾರ್ಥಿಗಳ ಕಂಪ್ಯೂಟರ್ ತರಬೇತಿ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹರೂಪ)



 ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದ್ದರು. ಹೊಸದಾಗಿ ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಒಮ್ಮೆಲೇ ನಿಂತುಬಿಡುವುದು, ತಾನಾಗಿ ರಿಸ್ಟಾರ್ಟ್ ಆಗುವುದು - ಈ ತೊಂದರೆಯನ್ನು ಹುಡುಕಿ ತೆಗೆಯುವ ಬಗೆಯನ್ನು ನಾನು ಆರಿಸಿಕೊಂಡಿದ್ದೇನೆ. 'ಗೇಮಿಂಗ್' ಎಂದ ಕೂಡಲೇ ಮುಂದಿನ ಸಾಲಿನ ಕೆಲವು ತಂದೆಯಂದಿರ ಹುಬ್ಬು ಗಂಟಿಕ್ಕಿದ್ದನ್ನು ಕಂಡೆ. ಆ ಚರ್ಚೆ ಇಂದು ಬೇಡ. ವೀಡಿಯೋ ಎಡಿಟಿಂಗ್ ಮಾಡುವವರಿಗೂ ಕಟ್ಟಡದ ನಕ್ಷೆ ಬಿಡಿಸುವವರಿಗೂ ಬೇಕಾಗುವುದು ಹೆಚ್ಚುಕಡಿಮೆ ಇದೇ ಯಂತ್ರ. ರೋಗವೂ ಒಂದೇ, ಮದ್ದೂ ಒಂದೇ.

ನನ್ನಿಂದಾದ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ. ಕಲಿಸುವವನು ತನ್ನ ತಪ್ಪನ್ನು ಮೊದಲು ಹೇಳಿದರೆ ಕೇಳುವವರಿಗೆ ಉಪಕಾರವಾಗುತ್ತದೆ ಎಂಬುದು ನನ್ನ ಅನುಭವ.

2023ರ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬಿಡಿಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರ್ ಜೋಡಿಸಿದ. ಡಿಪ್ಲೊಮಾ ಓದುತ್ತಿದ್ದ ಹುಡುಗ. ಎರಡು ರಜೆಗಳಲ್ಲಿ ಅಂಗಡಿಯೊಂದರಲ್ಲಿ ದುಡಿದು ಅರ್ಧ ಹಣ ಕೂಡಿಸಿದ್ದ. ಉಳಿದರ್ಧ ಭಾವ ಕೊಟ್ಟರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ನಾಲ್ಕು ದಿನ ಎಲ್ಲವೂ ಚೆನ್ನಾಗಿತ್ತು. ಐದನೆಯ ದಿನ ಆಟದ ನಡುವೆ ಪರದೆ ಕಪ್ಪಾಗಿ ಯಂತ್ರ ತಾನಾಗಿ ಮತ್ತೆ ಶುರುವಾಯಿತು. ಮರುದಿನ ಎರಡು ಸಲ. ಅದರ ಮರುದಿನ ಒಂದೂ ಇಲ್ಲ. ಬಳಿಕ ಮತ್ತೆ ಮೂರು ಸಲ. "ರೆಡಿಮೇಡ್ ತಂದಿದ್ದರೆ ಹೀಗಾಗುತ್ತಿತ್ತೇ? ನಿನ್ನ ಕೈಗೆ ಕೊಟ್ಟದ್ದೇ ತಪ್ಪು" ಎಂದು ಭಾವ ಹೇಳಿದರಂತೆ. ಹುಡುಗ ನನಗೆ ಫೋನ್ ಮಾಡಿ, "ಮಾಮ, ಒಮ್ಮೆ ಬಂದು ನೋಡಿ" ಎಂದ. ಅವನ ಸ್ವರ ಸಣ್ಣದಾಗಿತ್ತು.

ನಾನು ಹೋದೆ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕವಿದೆ. ಅದನ್ನು ತೆರೆದಾಗ ಕೆಂಪು ಗುರುತಿನೊಡನೆ 'ಕರ್ನಲ್-ಪವರ್ 41' ಎಂಬ ಸಾಲು ಮತ್ತೆ ಮತ್ತೆ ಕಂಡಿತು. 'ಪವರ್' ಎಂಬ ಶಬ್ದ ಕಂಡದ್ದೇ ತಡ, ನಾನು ದೊಡ್ಡ ಪಂಡಿತನಂತೆ "ಪವರ್ ಸಪ್ಲೈ ಹಾಳಾಗಿದೆ, ಬದಲಿಸಿ" ಎಂದು ತೀರ್ಪು ಕೊಟ್ಟುಬಿಟ್ಟೆ. ಭಾವ ಮರುಮಾತಾಡದೆ ಆರು ಸಾವಿರ ರೂಪಾಯಿ ಕೊಟ್ಟು ಹೊಸದು ತರಿಸಿದರು. ಮೂರನೆಯ ದಿನ ಸಂಜೆ ಯಂತ್ರ ಮತ್ತೆ ರಿಸ್ಟಾರ್ಟ್ ಆಯಿತು.

ಭಾವ ನನ್ನನ್ನು ಬೈಯಲಿಲ್ಲ. "ದುಡ್ಡು ಹೋದರೆ ಹೋಗಲಿ ಮಾರಾಯ. ಇನ್ನು ಯಾರ ಮಾತು ನಂಬಬೇಕು ಅಂತ ಹುಡುಗನಿಗೆ ಗೊತ್ತಾಗ್ತಾ ಇಲ್ಲ" ಎಂದರು, ಅಷ್ಟೆ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ನಾನು ನೆನಪಿಸಿಕೊಂಡ ಸಂಗತಿ ಇದು. 'ಕರ್ನಲ್-ಪವರ್ 41' ಎಂಬುದು ಕಾರಣವನ್ನು ಹೇಳುವ ಸಾಲಲ್ಲ. "ಕ್ರಮಪ್ರಕಾರ ಬಂದ್ ಆಗದೆ ಯಂತ್ರ ಮತ್ತೆ ಶುರುವಾಗಿದೆ" ಎಂದಷ್ಟೇ ಅದರ ಅರ್ಥ. ಪ್ಲಗ್ ಕಿತ್ತರೂ ಅದೇ ಬರುತ್ತದೆ, ಮೆಮೊರಿ ಕೆಟ್ಟರೂ ಅದೇ ಬರುತ್ತದೆ, ಯಾರಾದರೂ ರಿಸೆಟ್ ಬಟನ್ ಒತ್ತಿದರೂ ಅದೇ ಬರುತ್ತದೆ. ಮನುಷ್ಯ ಬಿದ್ದ ಎಂದು ಹೇಳುವ ಸಾಕ್ಷಿಯನ್ನು, ಯಾರು ದೂಡಿದರು ಎಂದು ಹೇಳುವ ಸಾಕ್ಷಿ ಎಂದು ನಾನು ತಿಳಿದುಕೊಂಡಿದ್ದೆ.

ಮೊದಲು ನೋಟ್‌ಬುಕ್

ಮಿತ್ರರೇ, ಸದಾಕಾಲ ಇರುವ ದೋಷವನ್ನು ಹಿಡಿಯುವುದು ಸುಲಭ. ಆಗಾಗ ಬಂದುಹೋಗುವ ದೋಷ ಹಾಗಲ್ಲ. ನೀವು ಏನೋ ಒಂದು ಬದಲಾಯಿಸುತ್ತೀರಿ, ಎರಡು ದಿನ ಸರಿಯಾಗಿರುತ್ತದೆ, ಗೆದ್ದೆವು ಎಂದುಕೊಳ್ಳುತ್ತೀರಿ. ಅದು ನಿಮ್ಮ ಗೆಲುವಲ್ಲ, ದೋಷದ ವಿಶ್ರಾಂತಿ. ಆದ್ದರಿಂದ ಮರುದಿನ ನಾನು ಹೋದಾಗ ಸ್ಕ್ರೂಡ್ರೈವರ್ ಒಯ್ಯಲಿಲ್ಲ, ನೂರು ಪುಟದ ನೋಟ್‌ಬುಕ್ ಒಯ್ದೆ. ನಾಲ್ಕು ಕಲಂ ಹಾಕಿದೆವು: ದಿನಾಂಕ ಮತ್ತು ಸಮಯ, ಆಗ ಏನು ನಡೆಯುತ್ತಿತ್ತು, ಏನು ಕಾಣಿಸಿತು, ಅದಕ್ಕೆ ಮೊದಲು ನಾವು ಬದಲಾಯಿಸಿದ್ದೇನು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನೂ ಮೊದಲ ಪುಟದಲ್ಲಿ ಬರೆದೆವು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ.

'ಏನು ಕಾಣಿಸಿತು' ಎಂಬ ಕಲಂ ಬಹಳ ಮುಖ್ಯ. 'ಹ್ಯಾಂಗ್ ಆಯಿತು' ಎಂದು ನಾವು ಎಲ್ಲದಕ್ಕೂ ಒಂದೇ ಮಾತು ಹೇಳುತ್ತೇವೆ. ಆದರೆ ಆಟ ಮಾತ್ರ ಮುಚ್ಚಿಹೋಗಿ ವಿಂಡೋಸ್ ಉಳಿದರೆ ಅದು ಒಂದು ಬಗೆ. ಸಂಶಯ ಆ ಆಟದ ಮೇಲೆ, ಗ್ರಾಫಿಕ್ಸ್ ಡ್ರೈವರ್ ಮೇಲೆ ಅಥವಾ ಮೆಮೊರಿಯ ಮೇಲೆ. ಯಂತ್ರದ ಸದ್ದು ಇದ್ದು ಪರದೆ ಮಾತ್ರ ಕಪ್ಪಾಗಿ, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಜೋರಾಗಿ ತಿರುಗಿದರೆ ಮೊದಲು ಆ ಕಾರ್ಡನ್ನೂ ಅದರ ವಿದ್ಯುತ್ ಕೇಬಲನ್ನೂ ನೋಡಬೇಕು. ನೀಲಿ ಪರದೆ ಬಂದರೆ ಅದರಲ್ಲಿ ಒಂದು ಸಂಕೇತವಿರುತ್ತದೆ, ಬರೆದಿಟ್ಟುಕೊಳ್ಳಬೇಕು. ಏನೂ ಹೇಳದೆ ಒಮ್ಮೆಲೇ ರಿಸ್ಟಾರ್ಟ್ ಆದರೆ ಅದು ಮತ್ತೊಂದು ಬಗೆ. ಪೂರ್ತಿ ಆರಿಹೋಗಿ, ಹಿಂದಿನ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡುವ ತನಕ ಏಳದಿದ್ದರೆ ಪವರ್ ಸಪ್ಲೈ ತನ್ನ ರಕ್ಷಣೆಗಾಗಿ ನಿಂತಿರುವ ಸಾಧ್ಯತೆ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ನೀಲಿ ಪರದೆ ಬಂದ ಕೂಡಲೇ ರಿಸ್ಟಾರ್ಟ್ ಆಗುವಂತೆ ವಿಂಡೋಸ್‌ನಲ್ಲಿ ಮೊದಲೇ ಹೊಂದಿಸಿರುತ್ತಾರೆ. ಓದುವಷ್ಟು ಸಮಯ ಸಿಗದೆ ನಾವು 'ತಾನಾಗಿ ರಿಸ್ಟಾರ್ಟ್ ಆಯಿತು' ಎನ್ನುತ್ತೇವೆ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿಗೆ ಹೋಗಿ, 'ಆಟೊಮ್ಯಾಟಿಕಲಿ ರಿಸ್ಟಾರ್ಟ್' ಎಂಬುದರ ಗುರುತು ತೆಗೆದುಬಿಡಿ. ಆಗ ನೀಲಿ ಪರದೆ ನಿಂತು ತನ್ನ ಮಾತು ಹೇಳುತ್ತದೆ. ವಿಂಡೋಸ್ ಫೋಲ್ಡರಿನೊಳಗೆ 'ಮಿನಿಡಂಪ್' ಎಂಬ ಫೋಲ್ಡರಿದ್ದರೆ ಅದರಲ್ಲೂ ಕಡತ ಉಳಿದಿರುತ್ತದೆ. ನಮ್ಮ ಹುಡುಗನ ಯಂತ್ರದಲ್ಲಿ ಆ ಗುರುತು ತೆಗೆದ ಮೇಲೂ ನೀಲಿ ಪರದೆ ಬರಲಿಲ್ಲ, ಫೋಲ್ಡರೂ ಖಾಲಿ. ನೋಟ್‌ಬುಕ್ಕಿನ ಮೊದಲ ಸಾಲು ಇದೇ ಆಯಿತು.

ಖರ್ಚಿಲ್ಲದ್ದು ಮೊದಲು

ಎರಡನೆಯ ನಿಯಮ: ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದ್ದು ಕೊನೆಗೆ. ನಾನು ಇದನ್ನು ತಲೆಕೆಳಗು ಮಾಡಿದ್ದೆ.

ಹೊಸದಾಗಿ ಜೋಡಿಸಿದ ಯಂತ್ರದಲ್ಲಿ ಮೊದಲ ಸಂಶಯ ಜೋಡಣೆಯ ಮೇಲೆ ಇರಬೇಕು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಮುಚ್ಚಳ ತೆಗೆಯಿರಿ. ರ್ಯಾಮ್ ಎರಡೂ ಕಡೆ 'ಟಕ್' ಎಂದು ಕುಳಿತಿದೆಯೇ? ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡೇ ರ್ಯಾಮ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಮದರ್‌ಬೋರ್ಡಿನ ಕೆಳಗೆ ಬೇಡದ ಜಾಗದಲ್ಲಿ ಹಿತ್ತಾಳೆಯ ಕಾಲು ಉಳಿದಿದೆಯೇ? ಹಾಗಿದ್ದರೆ ಶಾರ್ಟ್ ಆಗುತ್ತದೆ. ಕೂಲರ್ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆತವರನ್ನು ನಾನು ಒಬ್ಬಿಬ್ಬರಲ್ಲ, ಅನೇಕರನ್ನು ಕಂಡಿದ್ದೇನೆ. ಪ್ರೊಸೆಸರಿನ ಉಷ್ಣತೆ 95-100 ಡಿಗ್ರಿಯ ಹತ್ತಿರ ಬಂದಾಗ ಅದು ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಬಂದ್ ಆಗುತ್ತದೆ. ನಮ್ಮ ಯಂತ್ರದಲ್ಲಿ ಆಟದ ವೇಳೆ ಎಪ್ಪತ್ತು ಡಿಗ್ರಿ ಮೀರಲಿಲ್ಲ. ಬರೆದುಕೊಂಡೆವು.

ಮುಂದೆ ವಿದ್ಯುತ್ ಕೇಬಲ್. ಗ್ರಾಫಿಕ್ಸ್ ಕಾರ್ಡಿಗೆ ಬೋರ್ಡಿನ ಸ್ಲಾಟಿನಿಂದ ಸಿಗುವುದು 75 ವ್ಯಾಟ್. ಎಂಟು ಪಿನ್ನಿನ ಪ್ರತಿಯೊಂದು ಕನೆಕ್ಟರಿನಿಂದ 150 ವ್ಯಾಟ್ ಎಂದು ಲೆಕ್ಕ. ಎರಡು ಕನೆಕ್ಟರ್ ಬೇಡುವ ದೊಡ್ಡ ಕಾರ್ಡಿಗೆ ಒಂದೇ ಕೇಬಲಿನ ಎರಡು ತಲೆ ಸಿಕ್ಕಿಸುವ ಬದಲು ಎರಡು ಬೇರೆ ಬೇರೆ ಕೇಬಲ್ ಕೊಡುವುದು ಒಳ್ಳೆಯದು. ದೊಡ್ಡ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಎಂಬ ಮಾನಕದಲ್ಲಿ ಪವರ್ ಸಪ್ಲೈ ಅತ್ಯಲ್ಪ ಕಾಲ ತನ್ನ ಶಕ್ತಿಯ ಎರಡು ಪಟ್ಟನ್ನು ತಾಳಿಕೊಳ್ಳಬೇಕು ಎಂದು ಸೇರಿಸಿದ್ದು ಇದೇ ಕಾರಣಕ್ಕೆ. ಇನ್ನೊಂದು ಎಚ್ಚರಿಕೆ: ಒಂದು ಕಂಪೆನಿಯ ಪವರ್ ಸಪ್ಲೈಯ ಬಿಡಿ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ. ತಲೆ ಒಂದೇ ರೀತಿ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು ಡಿಸ್ಕ್ ಸುಟ್ಟುಹೋಗಬಹುದು. ಪವರ್ ಸಪ್ಲೈಯ ಪೆಟ್ಟಿಗೆಯನ್ನಂತೂ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯ ತರುವ ವಿದ್ಯುತ್ ಉಳಿದಿರುತ್ತದೆ.

ಮನೆಯ ವಿದ್ಯುತ್ತನ್ನೂ ಮರೆಯಬಾರದು. ನಮ್ಮ ಕಡೆ ಕಂಪ್ಯೂಟರಿಗೆಂದು ಇಡುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ 600 ವಿಎ. ಅದು ನಿಜವಾಗಿ ಕೊಡಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಆಫೀಸಿನ ಕಂಪ್ಯೂಟರಿಗೆ ಅದು ಧಾರಾಳ, ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಸಾಲದು. ಕರೆಂಟ್ ಒಂದು ಕ್ಷಣ ಹೋಗಿ ಬಂದಾಗ ಭಾರ ತಾಳಲಾರದೆ ಅದು ಕೈಬಿಡುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಬಲ್ಲ ಎಲೆಕ್ಟ್ರಿಶಿಯನ್‌ನಿಂದ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ತಡಮಾಡಬೇಡಿ. ನಾವು ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟು ಎರಡು ದಿನ ನೋಡಿದೆವು. ಎರಡನೆಯ ದಿನ ಮತ್ತೆ ರಿಸ್ಟಾರ್ಟ್. ಬರೆದುಕೊಂಡೆವು.

ಆಮೇಲೆ ಮೆಮೊರಿ. ರ್ಯಾಮ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ವೇಗ ತಾನಾಗಿ ಸಿಗುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆನ್ ಮಾಡಿದರೆ ಮಾತ್ರ ಸಿಗುತ್ತದೆ. ಅದು ಸಾಮಾನ್ಯ ಮಿತಿಗಿಂತ ಹೆಚ್ಚಿನ ಓಟ. ಪ್ರತಿಯೊಂದು ಪ್ರೊಸೆಸರೂ ಪ್ರತಿಯೊಂದು ಬೋರ್ಡೂ ಅದನ್ನು ತಾಳಿಕೊಳ್ಳುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಸಂಶಯ ಬಂದಾಗ ಅದನ್ನು ಆಫ್ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ನಂತರ ಮೆಮ್‌ಟೆಸ್ಟ್ 86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರ ಶುರುಮಾಡಿ, ನಾಲ್ಕು ಸುತ್ತು ಪೂರ್ತಿ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಮೆಮೊರಿಯನ್ನು ನಂಬುವಂತಿಲ್ಲ. ಆಗ ಒಂದೊಂದೇ ರ್ಯಾಮ್ ಹಾಕಿ ಕಳ್ಳ ಯಾವುದೆಂದು ಹುಡುಕಬೇಕು. ನಮ್ಮಲ್ಲಿ ಒಂದೂ ತಪ್ಪು ಬರಲಿಲ್ಲ. ಆದರೆ ಮೂರನೆಯ ಸುತ್ತಿನ ನಡುವೆ ಯಂತ್ರವೇ ರಿಸ್ಟಾರ್ಟ್ ಆಯಿತು.

ಹುಡುಗ ತಲೆಗೆ ಕೈಕೊಟ್ಟು ಕುಳಿತ. ನಾನು, "ಅಳಬೇಡ ಮಗಾ, ಇವತ್ತು ನಮಗೆ ದೊಡ್ಡ ಲಾಭವಾಯಿತು" ಎಂದೆ. ಯಾಕೆಂದರೆ ಮೆಮ್‌ಟೆಸ್ಟ್ ಓಡುವಾಗ ವಿಂಡೋಸ್ ಇರುವುದಿಲ್ಲ, ಡ್ರೈವರ್ ಇಲ್ಲ, ಆಟವೂ ಇಲ್ಲ. ಆಗಲೂ ದೋಷ ಬಂದಿತೆಂದರೆ ಅವೆಲ್ಲ ನಿರಪರಾಧಿಗಳು. ಭಾವನನ್ನೂ ಕರೆದು ಹೇಳಿದೆ: "ನೋಡಿ, ಆಟದಿಂದ ಯಂತ್ರ ಕೆಟ್ಟದ್ದಲ್ಲ." ಅವರು ಏನೂ ಹೇಳಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕದಲ್ಲಿ ಕುಳಿತರು.

ಕೂಗಿದವನೇ ಕಳ್ಳನಲ್ಲ

ಇಲ್ಲಿ ಒಂದು ದೊಡ್ಡ ಪ್ರಕರಣವನ್ನು ಹೇಳಬೇಕು. ಇಂಟೆಲ್ ಕಂಪೆನಿಯ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು 2022 ಮತ್ತು 2023ರ ಅಕ್ಟೋಬರಿನಲ್ಲಿ ಬಂದವು. ಅವುಗಳಲ್ಲಿ ಮೇಲ್ದರ್ಜೆಯವನ್ನು ಕೊಂಡ ಅನೇಕರಿಗೆ ಆಟದ ನಡುವೆ 'ವೀಡಿಯೋ ಮೆಮೊರಿ ಸಾಲದು' ಎಂಬ ಸಂದೇಶ ಬಂದು ಆಟ ಮುಚ್ಚಿಹೋಗತೊಡಗಿತು. ಸಂದೇಶದಲ್ಲಿ ವೀಡಿಯೋ ಎಂದಿದ್ದರಿಂದ ಜನರು ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ಡ್ರೈವರನ್ನು ದೂರಿದರು, ಆಟ ತಯಾರಿಸಿದವರನ್ನು ದೂರಿದರು. ಕೊನೆಗೆ 2024ರಲ್ಲಿ ಇಂಟೆಲ್ ಕಂಪೆನಿಯೇ ಒಪ್ಪಿಕೊಂಡಿತು: ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಕಾಲಕ್ರಮೇಣ ಪ್ರೊಸೆಸರ್ ದುರ್ಬಲವಾಗುತ್ತಿತ್ತು. ಆ ವರ್ಷದ ಆಗಸ್ಟಿನಿಂದ ಬಯೋಸ್ ಮೂಲಕ ತಿದ್ದುಪಡಿಗಳು ಬಂದವು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು, ಆಗಿಹೋದ ಹಾನಿಯನ್ನು ಗುಣಪಡಿಸುವುದಿಲ್ಲ. ಆ ಪೀಳಿಗೆಯ ಯಂತ್ರ ನಿಮ್ಮಲ್ಲಿದ್ದರೆ ಬಯೋಸ್ ಅಪ್‌ಡೇಟ್ ಮಾಡಿಸಿ; ಆಮೇಲೂ ತೊಂದರೆಯಿದ್ದರೆ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಿ.

ಇದರಿಂದ ಕಲಿಯಬೇಕಾದದ್ದು ಎರಡು. ಕೂಗಿದವನೇ ಕಳ್ಳನಾಗಿರಬೇಕಿಲ್ಲ. ಪರದೆಯ ಮೇಲೆ ಯಾರ ಹೆಸರು ಬಂತೋ ಅವರೇ ತಪ್ಪಿತಸ್ಥರೆಂದು ತಿಳಿಯಬಾರದು. ಎರಡನೆಯದಾಗಿ, ತಪ್ಪು ಯಾವಾಗಲೂ ಜೋಡಿಸಿದ ಹುಡುಗನದೇ ಆಗಿರಬೇಕಿಲ್ಲ. ಜಗತ್ಪ್ರಸಿದ್ಧ ಕಂಪೆನಿಯ ಹೊಸ ಪ್ರೊಸೆಸರಿನಲ್ಲೂ ದೋಷವಿರಬಹುದು. ಪ್ರೊಸೆಸರ್ ತಾನೇ ಗಮನಿಸಿದ ದೋಷಗಳನ್ನು ಇವೆಂಟ್ ವ್ಯೂವರಿನಲ್ಲಿ 'ವೀಯಾ-ಲಾಗರ್' ಎಂಬ ಹೆಸರಿನಲ್ಲಿ ಬರೆದಿಡುತ್ತದೆ. ಆ ಸಾಲು ಕಂಡರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. ನಮ್ಮ ಹುಡುಗನ ಯಂತ್ರದಲ್ಲಿ ಇದ್ದದ್ದು ಬೇರೆ ಕಂಪೆನಿಯ ಪ್ರೊಸೆಸರ್, ವೀಯಾ ಸಾಲೂ ಇರಲಿಲ್ಲ.

ಚಿಕ್ಕವಳ ಕಣ್ಣು

ಹಾಗಾದರೆ ಕೊನೆಗೆ ಏನಾಯಿತು? ಆ ಮನೆಯಲ್ಲಿ ಆರನೆಯ ತರಗತಿಯ ಒಬ್ಬಳು ಹುಡುಗಿಯಿದ್ದಾಳೆ, ಅವನ ತಂಗಿ. ಅಣ್ಣನ ಮೇಜಿನ ಮೂಲೆಯಲ್ಲೇ ಕುಳಿತು ಹೋಂವರ್ಕ್ ಮಾಡುವವಳು. ನಮ್ಮ ಪಂಡಿತ ಚರ್ಚೆ ಕೇಳಿ ಕೇಳಿ ಬೇಸತ್ತು ಅವಳು, "ಮಾಮ, ಕರೆಂಟ್ ಹೋದರೆ ಫ್ಯಾನ್ ನಿಲ್ಲಬೇಕಲ್ಲ? ಇದರ ಬಣ್ಣದ ಲೈಟು ಆರುವುದೇ ಇಲ್ಲ" ಎಂದಳು.

ನಾನು ಬೆಚ್ಚಿಬಿದ್ದೆ. ಪವರ್ ಸಪ್ಲೈ ಕೈಕೊಟ್ಟರೆ ಫ್ಯಾನು, ದೀಪ ಎಲ್ಲವೂ ಒಂದು ಕ್ಷಣವಾದರೂ ಆರಬೇಕು. ಇಲ್ಲಿ ಅವು ಆರದೆ ಬರೀ ಯಂತ್ರ ಮೊದಲಿನಿಂದ ಶುರುವಾಗುತ್ತಿತ್ತು. ಇದೊಂದೇ ಸಾಕ್ಷಿ ಸಾಲದು, ಬೋರ್ಡಿನ ಅಥವಾ ಪ್ರೊಸೆಸರಿನ ದೋಷದಲ್ಲೂ ಹೀಗಾಗಬಹುದು. ಆದರೆ ಹೀಗೆ ಮಾಡುವ ಇನ್ನೊಂದು ವಸ್ತುವೂ ಇದೆ, ರಿಸೆಟ್ ಬಟನ್. ನೋಟ್‌ಬುಕ್ ತಿರುವಿ ಹಾಕಿದೆವು. 'ಆಗ ಏನು ನಡೆಯುತ್ತಿತ್ತು' ಎಂಬ ಕಲಂನಲ್ಲಿ ಹುಡುಗ ಪ್ರಾಮಾಣಿಕವಾಗಿ ಎಲ್ಲವನ್ನೂ ಬರೆದಿದ್ದ: 'ಆಟದ ಕೊನೆಯ ಹಂತ', 'ತಂಗಿ ಮೇಜಿನ ಮೇಲೆ ಬ್ಯಾಗ್ ಇಟ್ಟಳು', 'ಅಮ್ಮ ಮೇಜು ಒರೆಸುತ್ತಿದ್ದರು', 'ಮೆಮ್‌ಟೆಸ್ಟ್, ಅಪ್ಪ ಮೇಜಿಗೆ ಒರಗಿದರು'. ಕ್ಯಾಬಿನೆಟ್ ಇದ್ದದ್ದು ಅದೇ ಮೇಜಿನ ಮೇಲೆ. ಆಟದ ಕೊನೆಯ ಹಂತದಲ್ಲಿ ಹುಡುಗನ ಮೊಣಕಾಲು ಮೇಜಿನ ಕೆಳಗೆ ಸುಮ್ಮನಿರುತ್ತಿರಲಿಲ್ಲ!

ಕ್ಯಾಬಿನೆಟ್ಟಿನ ರಿಸೆಟ್ ಬಟನ್ ತನ್ನ ತೂತಿನ ಅಂಚಿಗೆ ಸಿಕ್ಕಿಕೊಂಡು ಅರ್ಧ ಒತ್ತಿದಂತೆಯೇ ನಿಂತಿತ್ತು. ಸ್ವಲ್ಪ ಅಲುಗಿದರೂ ಒಳಗಿನ ಸಂಪರ್ಕ ಕೂಡಿಕೊಳ್ಳುತ್ತಿತ್ತು. ಅದರಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಪಿನ್ನಿನ ಸಣ್ಣ ವಯರನ್ನು ಕಿತ್ತು ಪಕ್ಕಕ್ಕೆ ಕಟ್ಟಿದೆವು. ಒಂದು ವಾರ ಒಂದೂ ರಿಸ್ಟಾರ್ಟ್ ಇಲ್ಲ. ಹುಡುಗ ಕುಣಿದಾಡಿದ. ನಾನು, "ಇನ್ನೂ ಮುಗಿದಿಲ್ಲ, ವಯರನ್ನು ಮತ್ತೆ ಸಿಕ್ಕಿಸು" ಎಂದೆ. ಸಿಕ್ಕಿಸಿ ಮೇಜನ್ನು ಮೆಲ್ಲಗೆ ತಟ್ಟಿದಾಗ ಮೂರನೆಯ ಸಲಕ್ಕೆ ಯಂತ್ರ ರಿಸ್ಟಾರ್ಟ್ ಆಯಿತು. ಆಗ ಮಾತ್ರ ರೋಗ ಸಿಕ್ಕಿತೆಂದು ಒಪ್ಪಿಕೊಂಡೆವು. ತೆಗೆದಾಗ ಹೋಗಬೇಕು, ಹಾಕಿದಾಗ ಬರಬೇಕು. ಅದುವೇ ನಿಜವಾದ ಪುರಾವೆ. ಮತ್ತೆ ವಯರ್ ಕಿತ್ತೆವು. ಖರ್ಚು ಸೊನ್ನೆ ರೂಪಾಯಿ.

ಭಾವ ಹೇಳಿದ್ದರಲ್ಲೂ ಅರ್ಧ ಸತ್ಯವಿತ್ತು ನೋಡಿ. ಆಟ ಆಡುವಾಗಲೇ ಹೆಚ್ಚಾಗಿ ಹೀಗಾಗುತ್ತಿತ್ತು ಎಂಬುದು ನಿಜ. ಆದರೆ ಒಟ್ಟಿಗೆ ಕಾಣುವುದೆಲ್ಲ ಕಾರಣವಾಗುವುದಿಲ್ಲ. ಅವರು ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮಗನಿಗೆ "ಚೆನ್ನಾಗಿ ಬರೆದಿದ್ದೀಯ" ಎಂದರು. ಆ ಒಂದು ಮಾತಿಗಾಗಿ ಹುಡುಗ ಎಷ್ಟು ದಿನದಿಂದ ಕಾಯುತ್ತಿದ್ದನೋ! ನಾನು ಆರು ಸಾವಿರ ರೂಪಾಯಿ ಹಿಂದಿರುಗಿಸಲು ಹೋದಾಗ ಭಾವ ತೆಗೆದುಕೊಳ್ಳಲಿಲ್ಲ. ನಿರಪರಾಧಿಯಾದ ಆ ಹಳೆಯ ಪವರ್ ಸಪ್ಲೈಯನ್ನು ನನ್ನ ಕೈಗಿತ್ತು, "ಯಾರಿಗಾದರೂ ಉಪಯೋಗವಾಗಲಿ" ಎಂದರು.

ಅದು ಈಗ ಈ ಶಿಬಿರದ ಮೇಜಿನ ಮೇಲಿದೆ. ಕಳೆದ ಐದು ದಿನ ನೀವೆಲ್ಲ ಪರೀಕ್ಷೆಗಾಗಿ ಹಾಕಿ ತೆಗೆದ ಪವರ್ ಸಪ್ಲೈ ಅದೇ. ಇನ್ನು ಮುಂದೆ ಯಾರ ಮನೆಯಲ್ಲಿ ಸಂಶಯ ಬಂದರೂ ಹೊಸದು ಕೊಳ್ಳುವ ಮೊದಲು ಇದನ್ನು ಒಯ್ದು ಹಾಕಿ ನೋಡಿ, ಕೆಲಸ ಮುಗಿದ ಮೇಲೆ ತಂದಿಡಿ. ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ. ನಿಮಗೆ ಸಿಕ್ಕಿದ ದೋಷ, ಅದನ್ನು ಕಂಡುಹಿಡಿದ ಬಗೆ, ನಿಮ್ಮ ತಪ್ಪು ಊಹೆ ಯಾವುದಿತ್ತು ಎಂಬುದನ್ನೂ ಸೇರಿಸಿ ಬರೆಯಿರಿ. ಮೊದಲ ಪುಟದಲ್ಲಿ ನನ್ನ ತಪ್ಪನ್ನು ಬರೆದಿದ್ದೇನೆ, ಆದ್ದರಿಂದ ನಿಮಗೆ ಸಂಕೋಚ ಬೇಡ.

ಪೋಷಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ತಾನೇ ಜೋಡಿಸಿದ ಯಂತ್ರ ನಿಂತಾಗ "ನಿನ್ನಿಂದ ಹಾಳಾಯಿತು" ಎನ್ನುವ ಮೊದಲು "ಆಗ ಏನು ಕಾಣಿಸಿತು?" ಎಂದು ಕೇಳಿ. ವಿದ್ಯಾರ್ಥಿಗಳೇ, ಕೇಳಿದಾಗ ಉತ್ತರ ಹೇಳಲು ನಿಮ್ಮ ಬಳಿ ಬರೆದಿಟ್ಟದ್ದೇನಾದರೂ ಇರಲಿ.